ಹೆಚ್ಚು ಎಣಿಸಿದ ಉಂಗುರ

ಮೂಡುಬಿದಿರೆಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ವೇಣುಗೋಪಾಲ ಸರ್ ತೀರಿಕೊಂಡು ಮೂರು ತಿಂಗಳಾಗಿತ್ತು. ಸಾಗುವಾನಿ ಮರದ ಉಂಗುರಗಳನ್ನು ಎಣಿಸಿ, ಹಿಂದಿನ ನೂರಿಪ್ಪತ್ತು ಮಳೆಗಾಲಗಳಲ್ಲಿ ಯಾವುದು ಸುರಿದಿತ್ತು, ಯಾವುದು ಕೈಕೊಟ್ಟಿತ್ತು ಎಂದು ತಿಳಿಯುವುದು ಅವರ ಕೊನೆಯ ಕೆಲಸ. ಮಳೆ ಚೆನ್ನಾಗಿ ಬಂದ ವರ್ಷದ ಉಂಗುರ ಅಗಲ, ಬಾರದ ವರ್ಷದ್ದು ಸಪೂರ. ಅದರ ಬಗ್ಗೆ ಅವರು ಬರೆದಿಟ್ಟ ಲೇಖನವನ್ನು ಅಚ್ಚಿಗೆ ಕಳಿಸುವ ಹೊಣೆ ಅವರ ವಿದ್ಯಾರ್ಥಿನಿ ರಮ್ಯಶ್ರೀಯ ಮೇಲೆ ಬಿದ್ದಿತ್ತು.

ಮಡಂತ್ಯಾರಿನ ಮರದ ಮಿಲ್ಲಿನಿಂದ ಸರ್ ತಂದಿದ್ದ, ಕಾಂಡವನ್ನು ಅಡ್ಡ ಕೊಯ್ದ ಬಿಲ್ಲೆಯನ್ನು ಅವಳು ಮತ್ತೊಮ್ಮೆ ಉಜ್ಜಿ ಭೂತಗನ್ನಡಿಯಲ್ಲಿ ನೋಡಿದಳು. ಒಂದು ಗೆರೆ ಸುಳ್ಳು. ಮಳೆ ನಡುವೆ ಬಿಟ್ಟು ಮತ್ತೆ ಹಿಡಿದ ವರ್ಷ ಒಂದೇ ಉಂಗುರ ಎರಡಾಗಿ ಕಾಣುವುದುಂಟು. ಅದನ್ನೂ ಎಣಿಸಿದ್ದರಿಂದ ಅದರಿಂದ ಒಳಗಿನ ಬರದ ವರ್ಷಗಳೆಲ್ಲ ಒಂದೊಂದು ವರ್ಷ ಹಿಂದಕ್ಕೆ ಸರಿದಿದ್ದವು. ಇಂಥ ಗೆರೆಯನ್ನು ಗುರುತಿಸಲು ಅವಳಿಗೆ ಕಲಿಸಿದವರೇ ಸರ್. ಇಷ್ಟು ಉದಾಸೀನವೇ ಎಂದು ಅವಳಿಗೆ ಸಿಟ್ಟೂ ಬಂತು.

ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿ, ಸಿದ್ಧಕಟ್ಟೆ ಮಾರ್ಗದ ಬಸ್ಸು ಹಿಡಿದು ಬಂಟ್ವಾಳದಲ್ಲಿದ್ದ ಸರ್ ಮನೆಗೆ ಹೋದಳು. ಸರ್ ಅವರ ಹೆಂಡತಿ ಮನೋರಮಾ, ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಕಷಾಯ ತಂದಿಟ್ಟು ಕೇಳಿದರು, "ಲೇಖನ ಬಂತಾ ರಮ್ಯಾ?"

"ಇಲ್ಲ ಮನೋರಮಕ್ಕ. ಅದರಲ್ಲಿ ಒಂದು ತಪ್ಪು ಉಂಟು. ಮಡಂತ್ಯಾರಿನ ಬಿಲ್ಲೆಯಲ್ಲಿ ಸರ್ ಒಂದು ಉಂಗುರ ಹೆಚ್ಚು ಎಣಿಸಿದ್ದಾರೆ."

ಮನೋರಮಾ ಎದುರಿನ ಕುರ್ಚಿಯಲ್ಲಿ ಕುಳಿತರು.

"ಅದನ್ನು ಅವರು ಎಣಿಸಿದ್ದಲ್ಲ, ನಾನು. ಸಕ್ಕರೆ ಕಾಯಿಲೆಯಿಂದ ಅವರಿಗೆ ಗೆರೆಗಳು ಕಾಣ್ತಾ ಇರಲಿಲ್ಲ. ಕಾಲೇಜಲ್ಲಿ ಯಾರಿಗೂ ಹೇಳಬೇಡ ಅಂದಿದ್ರು."

ರಮ್ಯಶ್ರೀಗೆ ನೆನಪಾಯಿತು. ಕೊನೆಯ ತಿಂಗಳುಗಳಲ್ಲಿ ಸರ್ ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, "ನೀನೇ ನೋಡಿ ಹೇಳು" ಎನ್ನುತ್ತಿದ್ದರು. ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದಳು.

"ಅನುಮಾನ ಬಂದಿತ್ತು ನನಗೆ," ಎಂದರು ಮನೋರಮಾ. "ತೆಳು ಗೆರೆ ಉಂಟು, ಹಿಡಿಯುವುದಾ ಬಿಡುವುದಾ ಅಂತ ಕೇಳಿದೆ. ಬೆರಳಲ್ಲಿ ಸವರಿದ್ರು. ಗೊತ್ತಾಗಲಿಲ್ಲ. ನಿನಗೆ ಕಂಡದ್ದನ್ನು ಬರಿ ಅಂದ್ರು."

"ಹಾಗೇ ಬಿಡುವ ಅಕ್ಕ. ಒಂದು ವರ್ಷ ಅಲ್ವಾ, ಯಾರಿಗೂ ತಿಳಿಯುವುದಿಲ್ಲ."

"ಅವರಾಗಿದ್ದರೆ ಬಿಡ್ತಿದ್ರಾ?" ಮನೋರಮಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಸರಿ ಮಾಡಿ ಕಳಿಸು."

ರಮ್ಯಶ್ರೀ ಎದ್ದು ಅವರ ಪಕ್ಕದಲ್ಲಿ ಕುಳಿತಳು. ಇಬ್ಬರೂ ಅತ್ತರು.

ಬೇಸಗೆಯಲ್ಲಿ ತಿದ್ದಿದ ಲೇಖನ ಅಚ್ಚಾಗಿ ಬಂತು. ಮನೋರಮಾ ಕನ್ನಡಕ ಹಾಕಿಕೊಂಡು ಮೊದಲ ಪುಟದಲ್ಲಿ ಗಂಡನ ಹೆಸರನ್ನು ಓದಿದರು. ವರ್ಷಗಳ ಪಟ್ಟಿ ಇದ್ದ ಪುಟವನ್ನು ರಮ್ಯಶ್ರೀ ತೆಗೆದುಕೊಟ್ಟರೆ, ತಲೆ ಅಲ್ಲಾಡಿಸಿ, "ಬೇಡ, ನೀನು ನೋಡಿದ್ದೀಯಲ್ಲ" ಎಂದರು.