ನೆಲಕ್ಕೆ ಹಾಸಿದ ಹಗ್ಗ

ಸುಮನಾ ಆಲೂರಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳೋಳು. ಗಂಡ ನವೀನ್‌ಕುಮಾರ್ ಮಣ್ಣು ತೋಡೋ ಹಿಟಾಚಿ ಓಡಿಸೋನು. ಮಾರನಹಳ್ಳಿ ಹತ್ತಿರದ ಎಸ್ಟೇಟಿನಲ್ಲಿ ಒಂದು ಏರು ಹತ್ತಿ, ಮೇಲೆ ಕೆರೆ ತೋಡಬೇಕಿತ್ತು. ಮೂವತ್ತೈದು ಡಿಗ್ರಿಗಿಂತ ಕಡಿದಾದ ಕಡೆ ಗಾಡಿ ಹತ್ತಿಸಬಾರದು ಅಂತ ಅದರ ಪುಸ್ತಕದಲ್ಲೇ ಬರೆದಿತ್ತು. ಏರು ಎಷ್ಟು ಡಿಗ್ರಿ ಅಂತ ಯಾರಿಗೆ ಗೊತ್ತು? ಮನೇಲೇ ಲೆಕ್ಕದ ಮೇಡಂ ಇರೋವಾಗ ಚಿಂತೆ ಯಾಕೆ ಅಂತ ಭಾನುವಾರ ಬೆಳಿಗ್ಗೆ ಅವಳಿಗೇ ಗಂಡನ ಫೋನ್ ಬಂತು.

ಎಸ್ಟೇಟಿನ ಲೆಕ್ಕಪತ್ರ ನೋಡೋ ರೈಟರ್ ಬಸವರಾಜು ಅದೇ ಫೋನಿನಲ್ಲಿ ಅಳತೆ ಹೇಳಿದ: ಎತ್ತರ ಇಪ್ಪತ್ತನಾಲ್ಕು ಅಡಿ, ಉದ್ದ ನಲವತ್ತು. ಭಾಗಿಸಿದರೆ ಸೊನ್ನೆ ಪಾಯಿಂಟ್ ಆರು. ಯಾವ ಕೋನದ ಟ್ಯಾನ್ ಇಷ್ಟು ಬರುತ್ತೆ ಅಂತ ಹಿಂದಕ್ಕೆ ಹುಡುಕೋದೇ ಟ್ಯಾನ್ ಇನ್ವರ್ಸ್. ಬಟನ್ ಒತ್ತಿದಳು, ಮೂವತ್ತೊಂದು. ಹತ್ತಬಹುದು ಅಂದುಬಿಟ್ಟಳು.

ಮಧ್ಯಾಹ್ನ ಬುತ್ತಿ ಹಿಡಿದು ಹೋದವಳ ಕಣ್ಣಿಗೆ ಮೊದಲು ಬಿದ್ದದ್ದು ಹಗ್ಗ. ಏರಿನ ಬುಡದಿಂದ ತುದಿವರೆಗೂ ನೆಲಕ್ಕೆ ಅಂಟಿಕೊಂಡೇ ಮಲಗಿತ್ತು. ಅಲ್ಲ, ಹೀಗಾ ಅಳೆಯೋದು? ಕಾಫಿ ಗುಣಿಗೆ ಗುರುತು ಹಾಕೋರು ಹೀಗೇ ಅಳೆಯೋದು. ಪಾಪ, ಬಸವರಾಜು ಮೂವತ್ತು ವರ್ಷದಿಂದ ಅದನ್ನೇ ಮಾಡಿದ್ದ. ಆದರೆ ಟ್ಯಾನ್‌ಗೆ ಬೇಕಾದದ್ದು ಓರೆ ಉದ್ದ ಅಲ್ಲ, ಮಟ್ಟದ ಉದ್ದ.

ಅಲ್ಲೇ ನಿಂತು ಫೋನಿನಲ್ಲಿ ಮತ್ತೆ ಲೆಕ್ಕ ಹಾಕಿದಳು. ಓರೆ ನಲವತ್ತು, ಎತ್ತರ ಇಪ್ಪತ್ತನಾಲ್ಕು ಅಂದರೆ ಮಟ್ಟದ ಉದ್ದ ಮೂವತ್ತೆರಡೇ. ಭಾಗಿಸಿದರೆ ಮುಕ್ಕಾಲು. ಕೋನ ಮೂವತ್ತೇಳರ ಹತ್ತಿರ.

ತಲೆ ಎತ್ತಿದರೆ ಹಿಟಾಚಿ ಆಗಲೇ ಅರ್ಧ ಹತ್ತಿತ್ತು. ಕೂಗಿದಳು, ಎಂಜಿನ್ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಸೆರಗು ಬೀಸಿದಳು. ಊಟಕ್ಕೆ ಕರೀತಾಳೆ ಅಂದುಕೊಂಡ ಪುಣ್ಯಾತ್ಮ, ತಡಿ ಅಂತ ಕೈ ತೋರಿಸಿ ಮೇಲಕ್ಕೇ ನಡೆಸಿದ. ಗಾಡಿಯ ಮೂತಿ ಗೇಣುದ್ದ ಮೇಲೆದ್ದಿತು. ದೇವರೇ, ನನ್ನ ಮಾತಿಂದಲೇ ಹೋಗ್ತಾರಲ್ಲ ಅಂತ ಬುತ್ತಿ ಅಲ್ಲೇ ಬಿಟ್ಟು ಏರಿನ ಕಡೆ ಓಡಿದಳು.

ನವೀನ ಗಕ್ಕನೆ ಮಣ್ಣು ಬಗೆಯೋ ಬಕೆಟ್ ನೆಲಕ್ಕೆ ಊರಿದ. ಗಾಡಿ ನಿಂತಿತು. ಆಮೇಲೆ ಇಂಚಿಂಚೇ ಹಿಂದಕ್ಕೆ ಇಳಿಸಿಕೊಂಡು ಬುಡಕ್ಕೆ ತಂದ.

ಎಂಜಿನ್ ಆರಿಸಿ ಕೆಳಗಿಳಿದು ಬಂದ. ಅವಳು ಹಗ್ಗದ ವಿಷಯ ಹೇಳಿದಾಗ ಬಸವರಾಜು ತಲೆ ತಗ್ಗಿಸಿದ. ತಪ್ಪನ್ನು ಅವನ ತಲೆಗೆ ಕಟ್ಟಿಬಿಡಬಹುದಿತ್ತು. ಆದರೆ ಉದ್ದ ಹೇಗೆ ಅಳೆದಿರಿ ಅಂತ ಒಂದು ಮಾತು ಕೇಳದೆ ಬಟನ್ ಒತ್ತಿದವಳು ತಾನೇ ಅಲ್ಲವೇ?

"ಕೆಳಗೇ ಒಂದ್ಸಲ ಗಾಡಿ ಎದ್ದಂಗಾಯ್ತು ಕಣೆ," ಅಂದ ನವೀನ. "ಬೇರೆ ಯಾರಾದ್ರೂ ಹೇಳಿದ್ದಿದ್ರೆ ಅಲ್ಲೇ ನಿಲ್ಲಿಸ್ತಿದ್ದೆ. ನೀನು ಹೇಳಿದ್ಯಲ್ಲ ಅಂತ ಇನ್ನೊಂದು ಮಾರು ಹತ್ತಿಸ್ಬುಟ್ಟೆ."