ಸಾಲಕ್ಕೆ ಮನೆ ತೋರಿಸಿದ ದಿನ

“ಮನಿ ಚಲೋನ ಐತಲ್ರಿ,” ಎಂದಳು ಮೇಘಾ, ಫಾರ್ಮಿನ ಮೇಲೆ ಪೆನ್ನು ಆಡಿಸುತ್ತ. ಬಾಗಿಲಲ್ಲಿ ನಿಂತಿದ್ದ ನಿರ್ಮಲಾಳಿಗೆ ಬೇಡವಾಗಿದ್ದ ಮಾತೇ ಅದು.

ಮೇಘಾ ಸೊಸೈಟಿಯಿಂದ ಮನೆ ಸಾಲದ ಪರಿಶೀಲನೆಗೆ ಬಂದವಳು. ಬೀಳುವ ಹಾಗಿರುವ ಮಣ್ಣಿನ ಮನೆಯವರಿಗೆ ಮಾತ್ರ ಈ ಕಡಿಮೆ ಬಡ್ಡಿಯ ಸಾಲ. ಮನೆ ಗಟ್ಟಿಯಿದ್ದರೆ ಅರ್ಜಿ ವಾಪಸ್ಸು. ಆದರೆ ಅದನ್ನು ನಿರ್ಮಲಾಳ ಅತ್ತೆ ಶೇಖವ್ವನಿಗೆ ತಿಳಿಸಿ ಹೇಳುವವರು ಯಾರು? ಮಗ ಸಿದ್ದಲಿಂಗ ತಾಯಿಯ ಹೆಸರಲ್ಲಿ ಅರ್ಜಿ ಕೊಟ್ಟು ನರಗುಂದಕ್ಕೆ ಲಾರಿ ಹತ್ತಿದವನು, ಇನ್ನೂ ಬಂದಿರಲಿಲ್ಲ. ಮನೆ ನೋಡಲು ಬರುತ್ತಾರೆ ಎಂಬುದಷ್ಟೇ ಮುದುಕಿಯ ಕಿವಿಗೆ ಬಿದ್ದದ್ದು. ಹೊಳೆಆಲೂರಿನಲ್ಲಿ ಮನೆ ನೋಡಲು ಬರುವವರೆಂದರೆ ಬೀಗರು! ಸರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೇಬಿಟ್ಟಳು. ಎರಡು ದಿನ ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ. ಮಾಳಿಗೆಯಿಂದ ಮಣ್ಣುದುರುವ ಕಡೆ ಹಳೆಯ ಇಳಕಲ್ ಸೀರೆಯನ್ನು ಅಡ್ಡ ಬಿಗಿದಳು. ಪಕ್ಕದ ಮನೆಯ ನಾಜಮೀನಳಿಂದ ಎರಡು ಕುರ್ಚಿ, ಒಂದು ಟೇಬಲ್ ಫ್ಯಾನು, ಹೂವಿನ ಚಿತ್ರದ ಕಪ್ಪು-ಬಸಿ ಬಂದವು. ಹಿಂದಿನ ಗೋಡೆಯ ಬಿರುಕಿನ ಮೇಲೆ ಹೊಸ ಕೌದಿ ಇಳಿಬಿದ್ದಿತು.

ಹೊಳೆಯ ನೀರು ಒಳಗೆ ನುಗ್ಗಿದ ವರ್ಷ ಬಾಯಿಬಿಟ್ಟ ಬಿರುಕು ಅದು. ಈಗ ಅದರಲ್ಲಿ ಕೈ ತೂರಿಸಬಹುದು. ಹುಳ ಹಿಡಿಯದ ತೊಲೆ ಇದ್ದದ್ದು ಆ ಗೋಡೆಯ ಮಗ್ಗುಲಿಗೊಂದೇ, ಹಾಗಾಗಿ ತೊಟ್ಟಿಲನ್ನೂ ಅಲ್ಲೇ ಕಟ್ಟಿದ್ದರು. ತೊಟ್ಟಿಲಲ್ಲಿ ಐದು ತಿಂಗಳ ಕೂಸು. ಮಳೆಗಾಲಕ್ಕೆ ಇನ್ನು ಒಂದೂವರೆ ತಿಂಗಳೂ ಇರಲಿಲ್ಲ. “ಸುಣ್ಣ ಬ್ಯಾಡ್ರಿ ಅತ್ತಿ, ಇದ್ದಂಗ ತೋರಸೂಣು” ಎಂದು ನಿರ್ಮಲಾ ಹೇಳಿಯೂ ಹೇಳಿದ್ದಳು. “ಬಂದವ್ರ ಮುಂದ ಮಾನ ಹರಾಜ ಹಾಕಂತೀಯೇನ? ಸುಮ್ನಿರು” ಎಂದು ಶೇಖವ್ವ ಕಾರಣವನ್ನೂ ಕೇಳದೆ ಬಾಯಿ ಮುಚ್ಚಿಸಿದ್ದಳು.

“ಕುರ್ಚಿ ಅದಾವ, ಫ್ಯಾನ್ ಐತಿ...” ಮೇಘಾ ಗುರುತು ಹಾಕುತ್ತ ಹೋದಳು. “ಇಂಥಾ ಮನೀಗೆ ಈ ಸಾಲ ಬರೂದಿಲ್ರಿ ಅಮ್ಮಾರ. ಸುಳ್ಳ ಯಾಕ ಆಸೆ ಹಚ್ಚಲಿ?”

“ಚಲೋ ಮನೀಗೆ ಕೊಡಂಗಿಲ್ಲಾ?” ಶೇಖವ್ವ ಬೆಪ್ಪಾದಳು. “ಇದ್ಯಾವ ನ್ಯಾಯಾರಿ ಬಾಯಾರ!”

ಬಾಗಿಲಿಂದ ತೊಟ್ಟಿಲ ಹತ್ತಿರ ಬಂದ ನಿರ್ಮಲಾಳ ಕೈ ಕೌದಿಯ ಅಂಚಿಗೆ ಹೋಯಿತು. ಒಂದು ಸಲ ಎಳೆದರೆ ಸಾಕು. ಆದರೆ ಎಳೆದ ಮೇಲೆ ಅತ್ತೆಯ ಮುಖ ನೋಡುವುದು ಹೇಗೆ? ಮದುವೆಯಾಗಿ ಬಂದಂದಿನಿಂದ ಮನೆಯ ಬೆಣ್ಣೆಯೆಲ್ಲ ಸೊಸೆಯ ರೊಟ್ಟಿಗೇ ಹಾಕಿ, ತಾನು ಬರೀ ಖಾರ ಹಚ್ಚಿಕೊಂಡು ಉಂಡ ಹೆಂಗಸು. ಕೈ ಹಿಂದಕ್ಕೆ ಬಂತು. ಕಣ್ಣು ಮಾತ್ರ ಅವಳ ಮಾತು ಕೇಳಲಿಲ್ಲ. ತೊಟ್ಟಿಲು ನೋಡುತ್ತ ನೋಡುತ್ತ ತುಂಬಿಕೊಂಡವು.

ಶೇಖವ್ವ ಸೊಸೆಯನ್ನು ನೋಡಿದಳು. ಆಮೇಲೆ ತೊಟ್ಟಿಲನ್ನು. ಎದ್ದವಳೇ ಕೌದಿಯನ್ನು ಕಿತ್ತು ನೆಲಕ್ಕೆಸೆದಳು. ಮಾಳಿಗೆಯ ಸೀರೆಯ ಗಂಟನ್ನೂ ಜಗ್ಗಿ ಬಿಚ್ಚಿದಳು. ಎರಡು ದಿನದ ಮಣ್ಣು ದೊಪ್ಪನೆ ಬಿದ್ದು ನಾಜಮೀನಳ ಕಪ್ಪಿನ ತುಂಬ ತುಂಬಿಕೊಂಡಿತು. ಕೂಸು ಬೆಚ್ಚಿ ಅಳತೊಡಗಿತು.

“ನೋಡ್ರಿ, ಇದು ನಮ್ಮ ಮನಿ. ಕುರ್ಚಿ ಮಂದೀವು, ಫ್ಯಾನೂ ಮಂದೀದು. ಈ ಸೊಸಿ, ಈ ಕೂಸು, ಇವಷ್ಟ ನಮ್ಮವು,” ಎಂದಳು.

ಮೇಘಾ ಸೀರೆಯ ಮೇಲಿನ ಮಣ್ಣು ಕೊಡವಿಕೊಂಡು ಗೋಡೆಯ ಹತ್ತಿರ ಹೋದಳು. ಬೆರಳು ತಾಗಿಸಿದ್ದಕ್ಕೇ ಒಂದು ಹೆಂಟೆ ಕಳಚಿ ಬಿತ್ತು. ಫೋಟೋ ತೆಗೆದುಕೊಂಡು ಬಂದು ಕೂತು, ಮೊದಲು ಬರೆದದ್ದನ್ನು ಹೊಡೆದು ಹಾಕಿ, ಹೊಸದಾಗಿ ಬರೆದಳು.

“ಇದರ ಕೆಳಗ ಹೆಬ್ಬಟ್ಟ ಒತ್ರಿ ಅಮ್ಮಾರ.”

“ಏನ್ ಬರದಾರ ನೋಡವಾ,” ಎಂದಳು ಶೇಖವ್ವ ಸೊಸೆಗೆ. ಮುದುಕಿಗೆ ಓದಲು ಬರುತ್ತಿರಲಿಲ್ಲ.

ನಿರ್ಮಲಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಗ್ಗಿದಳು. ‘ಈ ಮನೆ ಮನುಷ್ಯರ ವಾಸಕ್ಕೆ ಯೋಗ್ಯವಾಗಿಲ್ಲ’ ಎಂದಿತ್ತು. ನಲವತ್ತು ವರ್ಷ ಶೇಖವ್ವ ಸಾರಿಸಿ, ಗುಡಿಸಿ, ಮೂರು ಮಕ್ಕಳನ್ನು ಹೆತ್ತ ಮನೆ.

“ಕೂಸಿಗೆ ಹೊಸಾ ಮನಿ ಬೇಕಾಗೇತಿ ಅಂತ ಬರದಾರ್ರಿ ಅತ್ತಿ.”

“ಅಷ್ಟನಾ?”

“ಅಷ್ಟರಿ.”

ಮೇಘಾ ತಲೆಯೆತ್ತಿ ನಿರ್ಮಲಾಳನ್ನು ನೋಡಿದಳು. ಆಮೇಲೆ ಮಸಿಯ ಡಬ್ಬಿಯ ಮುಚ್ಚಳ ತೆಗೆದು ಮುದುಕಿಯ ಕಡೆ ಸರಿಸಿದಳು. ಶೇಖವ್ವ ಹೆಬ್ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಮಸಿ ಹಚ್ಚಿ, ಆ ಸಾಲಿನ ಕೆಳಗೆ ಒತ್ತಿದಳು.