ಅಪ್ಪ ನಿಲ್ಲಿಸಿದ ಲಿಫ್ಟು

“ಇನ್ನೂ ಸ್ವಲ್ಪ ಮೇಲಕ್ಕೆತ್ತಿ. ನಿಮ್ಮ ಕಡೆ, ನಿಮ್ಮ ಕಡೆ,” ಎಂದು ಲಿಫ್ಟಿನ ಮೆಕ್ಯಾನಿಕ್ ಕೆಳಗಿನ ಮೆಟ್ಟಿಲಿನಿಂದ ಹೇಳುತ್ತಿದ್ದ. ಸ್ಟ್ರೆಚರಿನ ಮೇಲಿನ ತುದಿ ಹಿಡಿದಿದ್ದವನು ಸತ್ತವರ ಕಾಲೇಜು ಗೆಳೆಯ. ಬೆವರು ಒರೆಸಿಕೊಳ್ಳಲು ಕೈ ಬಿಡುವಂತಿಲ್ಲದೆ ಅವನು ಮುಖವನ್ನೇ ತೋಳಿಗೆ ಉಜ್ಜಿಕೊಂಡ. ಸ್ಟ್ರೆಚರ್ ಖಾಲಿಯಾಗಿತ್ತು. ಖಾಲಿ ಇದ್ದಾಗಲೇ ಅದು ಮೆಟ್ಟಿಲ ತಿರುವಿನಲ್ಲಿ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡು ಅತ್ತಲೂ ಹೋಗದೆ ಇತ್ತಲೂ ಬರದೆ ನಿಂತಿತ್ತು.

“ಬಿಡಪ್ಪ, ಆಗೋ ಮಾತಲ್ಲ,” ಎಂದ ಗೆಳೆಯ. “ಖಾಲೀದೇ ತಿರುಗ್ತಿಲ್ಲ. ಇನ್ನು ಅವನನ್ನ ಮಲಗಿಸ್ಕೊಂಡು ಎಲ್ಲಿ ತಿರುಗಿಸ್ತೀಯ?”

“ಹಾಗಾದ್ರೆ ಲಿಫ್ಟೇ ಗತಿ.”

ಆ ಮಾತು ಆರನೇ ಮಹಡಿಯ ಮನೆಬಾಗಿಲಲ್ಲಿ ನಿಂತಿದ್ದ ಮಗಳಿಗೆ ಕೇಳಿಸಿತು. ಎದುರಿಗಿದ್ದ ಲಿಫ್ಟಿನ ಬಾಗಿಲಿಗೆ ತೂಗುಹಾಕಿದ ರಟ್ಟು ಇನ್ನೂ ಹಾಗೇ ಇತ್ತು: ‘ಕೆಟ್ಟಿದೆ. ಯಾರೂ ಹತ್ತಬೇಡಿ.’ ಅಕ್ಷರ ಅಪ್ಪನದು. ಮೊನ್ನೆ ಸಂಜೆ ಕೆಲಸದಿಂದ ಬಂದವರು ಲಿಫ್ಟಿನೊಳಗೆ ಅದೇನು ಸದ್ದು ಕೇಳಿದರೋ, ಅಲ್ಲಿಂದಲ್ಲಿಗೇ ಅದನ್ನು ನಿಲ್ಲಿಸಿ, ಮಹಡಿ ಮಹಡಿಗೂ ಇಂಥದೊಂದು ರಟ್ಟು ತೂಗುಹಾಕುತ್ತ ಮೆಟ್ಟಿಲು ಹತ್ತಿ ಮನೆಗೆ ಬಂದಿದ್ದರು. ನೀರು ಕೇಳಿ ಕುಡಿದರು. ಮಗಳ ಜೊತೆ ನಾಲ್ಕು ಮಾತಾಡಿದರು. ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ಅವರನ್ನು ಕೊಂದದ್ದು ಮೆಟ್ಟಿಲು ಎಂದು ಕಟ್ಟಡದವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಚೆನ್ನಾಗಿ ಓಡುತ್ತಿದ್ದ ಲಿಫ್ಟನ್ನು ನಿಲ್ಲಿಸಿ ಆ ವಯಸ್ಸಿನಲ್ಲಿ ಆರು ಮಹಡಿ ಹತ್ತುವುದೆಂದರೇನು ಎಂದು ಕೆಳಮಹಡಿಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಮಗಳು ಮಾತ್ರ ಬಾಯಿ ಬಿಡಲಿಲ್ಲ. ಕೊಂದದ್ದು ಆ ನಾಲ್ಕು ಮಾತು ಎಂದು ಅವಳಿಗೆ ಒಳಗೊಳಗೇ ಖಾತ್ರಿಯಾಗಿತ್ತು. ಆ ಭಯ ನಿನ್ನೆಯಿಂದ ಅವಳ ಎದೆಯ ಮೇಲೆ ಕೂತಿತ್ತು.

ಒಳಗೆ ನಡುಮನೆಯ ಸೋಫಾಗಳನ್ನು ಗೋಡೆಗೆ ಸರಿಸಿ, ಅಪ್ಪನನ್ನು ಮಂಚದ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಕೂತಿದ್ದ ಅತ್ತೆ, ಎಂದರೆ ಅಪ್ಪನ ಅಕ್ಕ, ಬಂದವರಿಗೆ ತಮ್ಮನ ಬಾಲ್ಯ ಹೇಳುತ್ತಿದ್ದಳು.

“ಹುಟ್ಟಾ ಪುಕ್ಕಲ. ಬಚ್ಚಲಿಗೆ ಹೋಗ್ಬೇಕಾದ್ರೂ ಬಾಗಿಲ ಹತ್ರ ನಾನು ನಿಂತಿರ್ಬೇಕು. ‘ಅಕ್ಕಾ ಇದ್ದೀಯಾ, ಅಕ್ಕಾ ಇದ್ದೀಯಾ’ ಅಂತ ಒಳಗಿಂದ ಕೂಗ್ತಾನೇ ಇರೋನು. ನಾನು ಬೇಕಂತಲೇ ಸುಮ್ನಿರ್ತಿದ್ದೆ.” ಅವಳು ನಕ್ಕಳು. ನಗುತ್ತಿದ್ದ ಹಾಗೇ ಅಳು ಬಂತು. “ಈಗ ಕೂಗ್ಲಿ ನೋಡೋಣ, ತಟ್ಟಂತ ಹೇಳ್ತೀನಿ.”

*

ಅಪ್ಪ ಕಾಲೇಜಿಗೆ ಸೇರಿದ್ದು ಇತಿಹಾಸ ಓದಲು. ಓದುತ್ತಲೂ ಇದ್ದರು, ಚೆನ್ನಾಗಿಯೇ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಲೈಬ್ರರಿಯ ಹಳೆಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ದೀಪವೂ ಆರಿತು. ಒಳಗೆ ಅವರೊಬ್ಬರೇ. ಕೂಗಿದರು, ಬಾಗಿಲು ಬಡಿದರು, ಕೊನೆಗೆ ಕೂಗಲಿಕ್ಕೂ ಹೆದರಿ ನೆಲಕ್ಕೆ ಕುಕ್ಕರಿಸಿದರು. ಅಲುಗಾಡಿದರೆ ಹಗ್ಗ ಕಡಿದೀತೆಂದು ಉಸಿರನ್ನೂ ಜೋಪಾನವಾಗಿ ಬಿಡುತ್ತಿದ್ದರಂತೆ. ಎಷ್ಟೋ ಹೊತ್ತಾದ ಮೇಲೆ ತಲೆಯ ಮೇಲೆಲ್ಲೋ ಒಬ್ಬ ಮನುಷ್ಯ ಕೆಮ್ಮಿದ. “ಗಾಬರಿ ಆಗ್ಬೇಡಿ, ಕೈಯಲ್ಲಿ ಇಳಿಸ್ತೀನಿ,” ಎಂದ. ಮೇಲಿನ ಕೋಣೆಯಲ್ಲಿ ಮೋಟಾರಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ, ಚೂರು ಚೂರೇ ಇಳಿಸಿ ನೆಲ ಮುಟ್ಟಿಸಿದ. ಆಮೇಲೆ ಬಿಸ್ಕತ್ತು ತಿನ್ನುತ್ತ ಮೆಟ್ಟಿಲಿಳಿದು ಬಂದು, “ಎಲ್ಲ ಸರಿಹೋಯ್ತಲ್ಲ?” ಎಂದು ಕೇಳಿ ಹೊರಟುಹೋದ.

“ಅವನಿಗೆ ಭಯಾನೇ ಇರಲಿಲ್ಲ ಕಣೇ,” ಎಂದು ಅಪ್ಪ ಮಗಳಿಗೆ ಈ ಕತೆ ಹೇಳುವಾಗಲೆಲ್ಲ ಹೊಟ್ಟೆಕಿಚ್ಚುಪಡುತ್ತಿದ್ದರು. “ಒಳಗೆ ಏನು ನಡೀತಿದೆ ಅಂತ ಅವನಿಗೆ ಗೊತ್ತಿತ್ತು. ಗೊತ್ತಾದ್ರೆ ಭಯ ಹೋಗುತ್ತೆ ಅಂದ್ಕೊಂಡೆ.”

ಅಷ್ಟೇ ಕಾರಣ. ಇತಿಹಾಸ ಬಿಟ್ಟು ಮೆಕ್ಯಾನಿಕಲ್ ಇಂಜಿನಿಯರಿಂಗಿಗೆ ಬದಲಾಯಿಸಿಕೊಂಡರು. ಕಾಲೇಜಿನವರು ಗಣಿತದ ಒಂದು ಪರೀಕ್ಷೆ ಬರೆಸಿ ನೇರ ಎರಡನೇ ವರ್ಷಕ್ಕೆ ಕೂರಿಸಿದರು. ಎಡವಟ್ಟಾದದ್ದು ಅಲ್ಲೇ. ಮಿಕ್ಕವರೆಲ್ಲ ಮೊದಲ ವರ್ಷದ ವರ್ಕ್‌ಶಾಪನ್ನು ಮುಗಿಸಿ ಬಂದವರು. ಮಾತು ಮಾತಿಗೂ ಅದನ್ನು ನೆನೆದು ನಗುವವರು. ಅಲ್ಲಿ ಏನೋ ಒಂದನ್ನು ಹೇಳಿಕೊಟ್ಟಿದ್ದಾರೆ, ಅದು ಇವರಿಗೆಲ್ಲ ಗೊತ್ತಿದೆ, ನನಗೊಬ್ಬನಿಗೆ ಗೊತ್ತಿಲ್ಲ ಎಂಬ ಅನುಮಾನ ಅವರ ತಲೆಗೆ ಹೊಕ್ಕಿತು. ಅದು ಕೊನೆತನಕ ಹೊರಗೆ ಬರಲಿಲ್ಲ.

ಓದಿದರೆ ಹೋಗಬೇಕಿದ್ದ ಭಯ ಓದಿದಷ್ಟೂ ಮೈತುಂಬಿಕೊಂಡಿತು. ಮೊದಲು ಹಗ್ಗವೊಂದಕ್ಕೆ ಹೆದರುತ್ತಿದ್ದವರು ಈಗ ಬ್ರೇಕು, ಬೋಲ್ಟು, ತುಕ್ಕು ಎಂದು ಒಂದೊಂದನ್ನೂ ಹೆಸರು ಹಿಡಿದು ಹೆದರತೊಡಗಿದರು. ಲಿಫ್ಟು ಕೂರಿಸುವ ಕಂಪನಿಯಲ್ಲಿ ಪರೀಕ್ಷಿಸುವ ಕೆಲಸ ಸಿಕ್ಕಿತು. ಜನ ಹತ್ತುವ ಮೊದಲು ಖಾಲಿ ಲಿಫ್ಟಿನಲ್ಲಿ ತಾವೊಬ್ಬರೇ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಹೋಗಿಬರುವರು. ಅಂಗೈಯನ್ನು ಗೋಡೆಗೆ ಒತ್ತಿ ಕಣ್ಣು ಮುಚ್ಚಿ ನಿಲ್ಲುವರು. ಎಲ್ಲ ಸರಿಯಿದ್ದರೂ ಹೊರಗೆ ಬರುವುದಿಲ್ಲ. “ಇನ್ನೊಂದ್ಸಲ,” ಎಂದು ಬಾಗಿಲು ಹಾಕಿಕೊಳ್ಳುವರು. ಕೇಳಿದರೆ, “ಮೊದಲ್ನೇ ಸಲ ಅದು ನೆಂಟರ ಮುಂದೆ ಮಕ್ಕಳಿದ್ದ ಹಾಗಿರುತ್ತೆ. ನಿಜವಾದ ಬುದ್ಧಿ ತೋರಿಸೋದು ಎರಡನೇ ಸಲ,” ಎನ್ನುವರು. ಕೆಲಸದವರ ನಡುವೆ ಅವರ ಹೆಸರೇ ‘ಇನ್ನೊಂದ್ಸಲ ಸಾಹೇಬ್ರು’ ಎಂದಾಯಿತು.

*

ಗೆಳೆಯ ಒಳಗೆ ಬಂದು ಒಂದು ಚೊಂಬು ನೀರು ಗಟಗಟ ಕುಡಿದ. ಅತ್ತೆ ಅವನನ್ನು ಕೇಳಿದಳು.

“ಅದೇನೋ ಒಂದು ವರ್ಷದ ಪಾಠ ತಪ್ಪಿಹೋಯ್ತು ಅಂತ ಜೀವನಪೂರ್ತಿ ಕೊರಗ್ದ ಅಲ್ಲ, ಏನಿತ್ತಪ್ಪಾ ಅದ್ರಲ್ಲಿ?”

“ಅಕ್ಕಾ, ಏನೂ ಇರಲಿಲ್ಲ. ಒಂದು ಕಬ್ಬಿಣದ ತುಂಡು ಕೊಟ್ಟು, ಅರ ಕೊಟ್ಟು, ಚೌಕ ಆಗೋವರೆಗೂ ಉಜ್ಜಿ ಅಂದ್ರು. ವರ್ಷಪೂರ್ತಿ ಉಜ್ಜಿದ್ದೇ ಉಜ್ಜಿದ್ದು. ನಂದಂತೂ ಉಜ್ಜಿ ಉಜ್ಜಿ ಅಂಗಿ ಗುಂಡಿಯಷ್ಟಾಯ್ತು, ಚೌಕ ಮಾತ್ರ ಆಗಲಿಲ್ಲ. ಇದನ್ನ ಅವನಿಗೆ ನೂರು ಸಲ ಹೇಳಿದ್ದೀನಿ. ನಂಬಿದ್ರೆ ತಾನೆ? ‘ನಿಮಗೆ ಅದು ರಕ್ತದಲ್ಲಿ ಸೇರಿಹೋಗಿದೆ, ಅದಕ್ಕೇ ಗೊತ್ತಾಗ್ತಿಲ್ಲ’ ಅನ್ನೋನು.” ಅವನು ಮಂಚದ ಕಡೆ ನೋಡಿದ. “ನಾವ್ಯಾರೂ ಎರಡನೇ ಸಲ ಹತ್ತಿದವರಲ್ಲ ಅಕ್ಕಾ. ನಮಗೆ ಎಲ್ಲ ಗೊತ್ತಲ್ಲ.”

ಅತ್ತೆ ಈಗ ಮಗಳ ಕಡೆ ತಿರುಗಿದಳು. “ನೀನೂ ಅದೇ ಓದಿಗೆ ಹೋಗ್ತೀಯಂತೆ? ವಾಣಿಜ್ಯ ಓದ್ತಿದ್ದೋಳಿಗೆ ಇದೇನು ಬಂತೇ?”

ಮಗಳು ಉತ್ತರಿಸುವ ಮೊದಲೇ ಅಮ್ಮ ಬಾಯಿ ತೆರೆದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

“ಹೋಗೋದಿಲ್ಲ. ದಿನಾ ಇವರು ಕೆಲಸ ಮುಗಿಸಿ ‘ಇಳಿದೆ’ ಅಂತ ಫೋನ್ ಮಾಡೋವರೆಗೂ ನನ್ನ ಗಂಟಲಲ್ಲಿ ಅನ್ನ ಇಳೀತಿರಲಿಲ್ಲ. ಒಬ್ಬರನ್ನ ಕಾದಿದ್ದು ಸಾಕು. ಇನ್ನೊಬ್ಬರನ್ನ ಕಾಯೋ ಶಕ್ತಿ ನನಗಿಲ್ಲ.”

“ಸೇರ್ಕೊಳ್ಳೋಕೆ ನಾಳೆ ಕೊನೇ ದಿನ ಅಮ್ಮ,” ಎಂದಳು ಮಗಳು. ಹೋಗುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅದು ಅವಳಿಗೇ ಗೊತ್ತಿರಲಿಲ್ಲ.

*

ಮೊನ್ನೆ ಸಂಜೆ ಅಪ್ಪ ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತಿದ್ದರು. ನೀರಿನ ಲೋಟ ಇನ್ನೂ ಕೈಯಲ್ಲಿತ್ತು. ಖುಷಿಯ ಭರದಲ್ಲಿ ಅವಳು ಅದೊಂದನ್ನೂ ಗಮನಿಸಲಿಲ್ಲ.

“ಅಪ್ಪ, ಒಪ್ಪಿದ್ರು. ಮೆಕ್ಯಾನಿಕಲ್‌ಗೆ ಬದಲಾಯಿಸ್ಕೋಬಹುದಂತೆ.”

“ಮೊದಲನೇ ವರ್ಷದಿಂದ ತಾನೆ?”

“ಇಲ್ಲಪ್ಪ, ನೇರ ಎರಡನೇ ವರ್ಷ. ನಿಮ್ಮ ಹಾಗೇ.”

ಅವರ ಮುಖದ ಬಣ್ಣ ಇಳಿಯಿತು. ಲೋಟವನ್ನು ಮೇಜಿನ ಮೇಲಿಟ್ಟರು, ಅದು ಅಂಚಿನಲ್ಲಿದೆಯೆಂದು ಒಳಕ್ಕೆ ಸರಿಸಿದರು, ಮತ್ತೊಮ್ಮೆ ಸರಿಸಿದರು.

“ನಿನಗೆ ಭಯ ಆಗಲ್ವಾ?”

“ಭಯ ಯಾತಕ್ಕೆ? ಅಪ್ಪ, ನೀವು ಸುಮ್ಸುಮ್ನೆ ಹೆದರ್ತೀರ. ಲಿಫ್ಟು ಚೆನ್ನಾಗೇ ಇತ್ತು, ಬೆಳಿಗ್ಗೆ ನಾನೇ ಅದ್ರಲ್ಲಿ ಇಳಿದು ಹೋದೆ. ಜನ ನಗ್ತಾರೆ, ಗೊತ್ತಾ?”

ಅಪ್ಪ ಅವಳನ್ನೇ ನೋಡಿದರು. ಅದು ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಮಗು ಬಾಲ್ಕನಿಯ ಕಂಬಿಯಾಚೆ ಬಗ್ಗಿದ್ದನ್ನು ಕಂಡಾಗ ನೋಡುತ್ತಾರಲ್ಲ, ಆ ಥರ ನೋಡಿದರು.

“ಭಯ ಇಲ್ದೇ ಇದ್ರೆ...” ಎಂದು ಶುರುಮಾಡಿ ನಿಲ್ಲಿಸಿದರು. “ನಾಳೆ ಮಾತಾಡೋಣ. ಈಗ ಸುಸ್ತಾಗಿದೆ.”

*

ಮೆಕ್ಯಾನಿಕ್ ಬಂದು ಬಾಗಿಲಲ್ಲಿ ನಿಂತ. ಅಪ್ಪನ ಕೈಕೆಳಗೆ ಕೆಲಸ ಕಲಿತು ತಲೆ ನರೆತವನು ಅವನು. “ಹೊತ್ತಾಯ್ತು. ಕೆಳಗೆ ಗಾಡಿಯವನು ಅವಸರ ಮಾಡ್ತಿದ್ದಾನೆ.”

“ಅವರೇ ಬೇಡ ಅಂತ ನಿಲ್ಲಿಸಿದ ಲಿಫ್ಟಲ್ಲಿ ಅವರನ್ನ ಹೇಗಪ್ಪಾ ಕಳಿಸೋದು?” ಎಂದಳು ಅಮ್ಮ.

“ಅಣ್ಣ, ನಿಜ ಹೇಳಿ. ಅದರಲ್ಲಿ ಏನಾಗಿತ್ತು?” ಮಗಳು ಕೇಳಿದಳು.

ಅವನು ತಲೆ ಕೆರೆದುಕೊಂಡ. “ನಿನ್ನೆ ಇಡೀ ದಿನ ನೋಡಿದೆ ತಂಗಿ. ಹಗ್ಗ ನೋಡಿದೆ, ಬ್ರೇಕು ಬಿಚ್ಚಿ ಹಾಕ್ದೆ. ನನಗೇನೂ ಸಿಗಲಿಲ್ಲ. ಸಿಗಲಿಲ್ಲ ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ ಅಂತ ಸಾಹೇಬ್ರು ಬೈಯೋರು. ಇನ್ನೇನು ಹೇಳ್ಲಿ?”

ಲಿಫ್ಟು ಸಣ್ಣದು. ಅದರಲ್ಲಿ ಸ್ಟ್ರೆಚರ್ ಮಲಗುವುದಿಲ್ಲ, ನಿಲ್ಲಿಸಿಯೇ ಒಯ್ಯಬೇಕು. ಅಪ್ಪನಿಗೆ ಬಿಳಿ ಬಟ್ಟೆ ಸುತ್ತಿ, ಎದೆಗೂ ಮೊಣಕಾಲಿಗೂ ಬೆಲ್ಟು ಬಿಗಿದರು. ಹೊರಗೆ ತಂದು, ಲಿಫ್ಟಿನ ಮುಂದೆ ಸ್ಟ್ರೆಚರನ್ನು ಮೆಲ್ಲಗೆ ಎತ್ತಿ ನೆಟ್ಟಗೆ ಮಾಡಿದರು. ಅಪ್ಪ ಎದ್ದು ನಿಂತರು. ಅತ್ತೆ ಮುಖ ಮುಚ್ಚಿಕೊಂಡಳು. ಮೆಕ್ಯಾನಿಕ್ ರಟ್ಟನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ಗುಂಡಿ ಒತ್ತಿದ. ಬಾಗಿಲು ತೆರೆದಾಗ ಒಳಗಿನ ದೀಪ ಒಮ್ಮೆ ಮಿಣುಕಿ ಹತ್ತಿಕೊಂಡಿತು.

“ತಾಳಿ,” ಎಂದಳು ಮಗಳು. “ಮೊದಲು ಖಾಲಿ ಹೋಗ್ಬೇಕು.”

“ನಾನು ಹೋಗಿಬರ್ತೀನಿ ತಂಗಿ, ನೀನಿರು.”

“ಬೇಡ ಅಣ್ಣ. ನೀವು ಅಪ್ಪನ್ನ ಹಿಡ್ಕೊಂಡಿರಿ.”

ಅಮ್ಮ ಅವಳ ಮಣಿಕಟ್ಟನ್ನು ಹಿಡಿದಳು. ಬಿಗಿಯಾಗಿಯೇ ಹಿಡಿದಳು. ಆಮೇಲೆ ಅಮ್ಮನ ಬೆರಳು ಒಂದೊಂದಾಗಿ ಸಡಿಲಿದವು. “ಕೆಳಗೆ ಇಳಿದ ಕೂಡಲೇ ಕೂಗು,” ಎಂದಳು.

ಬಾಗಿಲು ಮುಚ್ಚಿತು. ಅವಳು ಅಂಗೈಯನ್ನು ಗೋಡೆಗೆ ಒತ್ತಿದಳು. ತಗಡು ತಣ್ಣಗಿತ್ತು. ಲಿಫ್ಟು ಇಳಿಯತೊಡಗಿದಾಗ ಅದುವರೆಗೆ ಎಂದೂ ಕೇಳದ ಸದ್ದುಗಳೆಲ್ಲ ಅವಳಿಗೆ ಕೇಳತೊಡಗಿದವು. ಮೇಲೆಲ್ಲೋ ಒಂದು ಗುರುಗುರು, ಪಕ್ಕದಲ್ಲಿ ಏನೋ ಉಜ್ಜಿದ ಹಾಗೆ, ಕಾಲಡಿಯ ಬಾವಿಯಂಥ ಆಳದಿಂದ ಗಾಳಿ. ಸಾವಿರಾರು ಸಲ ಹತ್ತಿಳಿದ ಲಿಫ್ಟು ಅದು. ಈಗ ಬಾಯಿ ಒಣಗಿ, ಉಸಿರನ್ನು ಜೋಪಾನವಾಗಿ ಬಿಡುತ್ತ ನಿಂತಳು. ಹೆದರಿಕೆಯಾಗುತ್ತಿತ್ತು, ವಿಪರೀತ ಹೆದರಿಕೆ. ಇದನ್ನು ಅಪ್ಪನಿಗೆ ಹೇಳಬೇಕು ಅನ್ನಿಸಿ ದುಃಖ ಉಕ್ಕಿ ಬಂತು. ಅರ್ಧ ದಾರಿಯಲ್ಲಿ ಟಕ್ ಎಂದಿತೇ? ಗೊತ್ತಾಗಲಿಲ್ಲ. ಕೆಳಗೆ ಮುಟ್ಟಿ, “ಇಳಿದೆ ಅಮ್ಮ,” ಎಂದು ಮೆಟ್ಟಿಲ ಬಾಯಿಗೆ ಕೂಗಿ, ಮತ್ತೆ ಲಿಫ್ಟು ಹತ್ತಿದಳು. ಹತ್ತುವಾಗ ಏನೂ ಕೇಳಿಸಲಿಲ್ಲ.

ಆರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಎಲ್ಲರೂ ಇದ್ದಲ್ಲೇ ಇದ್ದರು, ಎದುರಿಗೆ ಅಪ್ಪ ನಿಂತಿದ್ದರು.

“ಸರಿಯಿದೆಯಲ್ಲಮ್ಮ?” ಎಂದು ಗೆಳೆಯ ಒಂದು ಹೆಜ್ಜೆ ಮುಂದಿಟ್ಟ. ಕೆಳಗೆ ಗಾಡಿಯವನು ಹಾರ್ನ್ ಒತ್ತಿದ.

ಅವಳು ಗೋಡೆಯಿಂದ ಕೈ ತೆಗೆದಿರಲಿಲ್ಲ.

“ಇನ್ನೊಂದ್ಸಲ,” ಎಂದಳು.

“ಆಗ್ಲಿ ಸಾಹೇಬ್ರೆ,” ಎಂದ ಮೆಕ್ಯಾನಿಕ್, ಎಷ್ಟೋ ವರ್ಷದ ರೂಢಿಯಲ್ಲಿ. ಸ್ಟ್ರೆಚರನ್ನು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದ. ಅಪ್ಪನೂ ಅವನ ಜೊತೆ ಹಿಂದೆ ಸರಿದು, ಬಾಗಿಲು ಮುಚ್ಚುವವರೆಗೂ ತಮ್ಮ ಸರದಿಗೆ ಕಾಯುತ್ತ ನಿಂತರು.